ನೀಲಿಯ ಹಾಸಿನ ಮೇಲಿನ ಕಲೆ

ಬೆಳಗಾದರೆ ಸಾಕು, ನಾಯಿ ನೀಲಿಯ ಹಾಸಿನ ಮೇಲೆ ಒಂದು ಕಲೆ. ನಡುವೆ ಹಳದಿ, ಅಂಚಿನಲ್ಲಿ ಕೆಂಪು ಬೆರೆತ ಕಂದು. ನಿನ್ನೆ ತೊಳೆದು ಬೆಳ್ಳಗೆ ಮಾಡಿದ ಜಾಗದಲ್ಲೇ ಇವತ್ತು ಮತ್ತೆ ಹಾಜರು.

ಬೇರೆ ಮನೆಯಾಗಿದ್ದರೆ ನಾಯಿಯ ಹಾಸಿನ ಕಲೆಗೆ ಯಾರು ತಲೆ ಕೆಡಿಸಿಕೊಳ್ಳುತ್ತಿದ್ದರು? ಆದರೆ ಇದು ಲಾಂಡ್ರಿ. ಮುಂದೆ ಬಟ್ಟೆ ತೆಗೆದುಕೊಳ್ಳುವ ಕಟ್ಟೆ, ಅದರ ಹಿಂದೆ ಇಸ್ತ್ರಿ ಮೇಜು, ಇನ್ನೂ ಹಿಂದೆ ಒಗೆಯುವ ತೊಟ್ಟಿಗಳು, ಮಹಡಿಯ ಮೇಲೆ ಮನೆ. ಇದನ್ನು ನಡೆಸುವವಳನ್ನು ಬೀದಿಯವರೆಲ್ಲ ಲಾಂಡ್ರಿ ಅಕ್ಕ ಎಂದೇ ಕರೆಯುತ್ತಾರೆ. ಕಲೆ ಗುರುತಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇದು ಶಾಯಿ, ಇದು ತುಕ್ಕು, ಇದು ನೀವು ಮನೇಲಿ ಹೇಳದೆ ತಿಂದ ಐಸ್‌ಕ್ರೀಮು" ಎಂದು ಗಿರಾಕಿಯ ಮುಖಕ್ಕೇ ಹೇಳಿಬಿಡುತ್ತಾಳೆ. ಅಂಥವಳಿಗೆ ತನ್ನ ನಾಯಿಯ ಹಾಸಿನ ಕಲೆ ಯಾವುದೆಂದು ತಿಳಿಯದೆ ತಲೆ ಕೆಟ್ಟುಹೋಗಿತ್ತು.

"ತುಕ್ಕೇ ಇರಬೇಕು. ಆ ಮೂಲೆ ನಲ್ಲಿ ಸೋರುತ್ತಲ್ಲ," ಎಂದರು ಅತ್ತೆ. ಗಿರಾಕಿಗಳ ಅಂಗಿಗಳಿಗೆ ಕಳಚಿದ ಗುಂಡಿ ಹೊಲಿಯುತ್ತ ಬೆಂಚಿನ ಮೇಲೆ ಕೂರುವುದು ಅವರ ಕೆಲಸ.

"ತುಕ್ಕು ಹೀಗೆ ಜಿಗುಟಾಗಿರಲ್ಲ ಅತ್ತೆ."

"ಹಾಗಾದ್ರೆ ಗಂಜಿ ಚೆಲ್ಲಿರಬೇಕು."

"ಗಂಜಿ ಹಳದಿ ಆಗುತ್ತಾ?"

"ನನಗೇನಮ್ಮ ಗೊತ್ತು? ಕಲೆ ನಿಂದು, ನಾಯಿ ನಿಂದು. ನನ್ನದು ಗುಂಡಿ ಮಾತ್ರ."

ಅಕ್ಕ ಹಾಸನ್ನು ತಣ್ಣೀರಲ್ಲಿ ನೆನೆಸಿ, ಸೋಪು ಹಚ್ಚಿ, ತಿಕ್ಕಿ, ಬಿಸಿಲಿಗೆ ಹರವಿದಳು. ಕಲೆ ಹೋಯಿತು. ಅದರ ಜೊತೆಗೆ ಚಿಂತೆಯೂ ಹೋಯಿತು. ಲಾಂಡ್ರಿಯವರ ಅಭ್ಯಾಸವೇ ಹಾಗೆ: ಕಲೆ ಹೋಯಿತೋ ಇಲ್ಲವೋ ಎಂಬುದಷ್ಟೇ ಲೆಕ್ಕ, ಅದು ಬಂದದ್ದು ಎಲ್ಲಿಂದ ಎಂದು ಕೊನೆಗೆ ಯಾರೂ ಕೇಳುವುದಿಲ್ಲ.

ನೀಲಿ ಹೆಸರಿಗೆ ನೀಲಿ, ಬಣ್ಣ ಅಚ್ಚ ಬಿಳಿ. ಮರಿಯಾಗಿದ್ದಾಗ ಬಿಳಿ ಬಟ್ಟೆಗೆ ಹಾಕುವ ನೀಲಿಯ ತೊಟ್ಟಿಯಲ್ಲಿ ಬಿದ್ದು, ಎಷ್ಟೋ ದಿನ ಮೋಡದ ಬಣ್ಣದಲ್ಲಿ ಓಡಾಡಿಕೊಂಡಿತ್ತು. ಅಕ್ಕನಿಗೆ ಅದೆಂದರೆ ಜೀವ. ಇಸ್ತ್ರಿ ಮೇಜಿನ ಕೆಳಗೆ ಮಲಗಿ, ಅಕ್ಕ ಹೆಜ್ಜೆ ಎತ್ತಿದರೆ ತಾನೂ ಎದ್ದು ಹಿಂದೆ ಬರುವ ನಾಯಿ. ಈಗ ಅದಕ್ಕೆ ಎಂಟು ವರ್ಷ.

ಇತ್ತೀಚೆಗೆ ನೀಲಿ ನೀರಿನ ಬಟ್ಟಲನ್ನು ಒಂದೇ ಸಮನೆ ಖಾಲಿ ಮಾಡುತ್ತಿತ್ತು. ಲಾಂಡ್ರಿಯಲ್ಲಿ ದಿನವಿಡೀ ಹಬೆ, ಸೆಕೆ. ಎಲ್ಲರೂ ಗಟಗಟ ನೀರು ಕುಡಿಯುವವರೇ, ನಾಯಿಯೂ ಕುಡಿಯಿತು ಎಂದುಕೊಂಡರು. ಅದು ಒಳಗೇ ಮೂತ್ರ ಮಾಡುತ್ತಿತ್ತೋ ಏನೋ, ನೆಲ ಯಾವಾಗಲೂ ಒದ್ದೆ ಇರುವ ಕಡೆ ಯಾರಿಗೆ ಗೊತ್ತಾಗಬೇಕು? ಊಟ ಅರ್ಧಕ್ಕೇ ಬಿಡುತ್ತಿತ್ತು. ಹೊಟ್ಟೆ ಮಾತ್ರ ದಪ್ಪವಾಗುತ್ತಿತ್ತು. ತಿನ್ನದ ನಾಯಿಯ ಹೊಟ್ಟೆ ದಪ್ಪವಾಗುವುದು ಹೇಗೆ? ಅಕ್ಕನಿಗೆ ತಲೆಬುಡ ಅರ್ಥವಾಗಲಿಲ್ಲ.

ಅಕ್ಕನ ಗಂಡನಿಗೆ ಮಾತ್ರ ಎಲ್ಲವೂ ಅರ್ಥವಾಗಿತ್ತು. ಇಸ್ತ್ರಿ ಪೆಟ್ಟಿಗೆ ಹಿಡಿದವನಿಗೆ ಜಗತ್ತಿನಲ್ಲಿ ಯಾವ ಸುಕ್ಕೂ ಉಳಿಯಬಾರದು ಎಂಬ ಹಟ.

"ಬಸಿರು ಕಣೇ! ಇಷ್ಟೂ ಗೊತ್ತಾಗಲ್ವಾ?"

"ಯಾವಾಗ? ಹೇಗೆ?"

"ಹೋದ ತಿಂಗಳು ಬೆದೆಗೆ ಬಂದಿದ್ದಾಗ ಟೈರ್ ಅಂಗಡಿ ಕಂದು ನಾಯಿ ನಮ್ಮ ಬಾಗಿಲಲ್ಲೇ ಬಿಡಾರ ಹೂಡಿರಲಿಲ್ವಾ?"

"ಬಾಗಿಲು ಹಾಕಿತ್ತಲ್ಲ?"

"ಯಾವಾಗಲೋ ತೆಗೆದಿರುತ್ತೆ."

ಕಂಡವರು ಯಾರೂ ಇರಲಿಲ್ಲ. ಆದರೆ ಅವನ ಸಂಭ್ರಮಕ್ಕೆ ಸಾಕ್ಷಿ ಬೇಕಿರಲಿಲ್ಲ. ಪಕ್ಕದ ದರ್ಜಿಗೆ ಒಂದು ಮರಿ, ಔಷಧಿ ಅಂಗಡಿಯವನಿಗೆ ಒಂದು, ಸಂಗೀತದ ಮೇಷ್ಟ್ರಿಗೆ ಬಿಳಿಯದೇ ಬೇಕಂತೆ, ಅವರಿಗೊಂದು ಎಂದು ಇಸ್ತ್ರಿ ಹೊಡೆಯುತ್ತಲೇ ಹಂಚಿ ಮುಗಿಸಿದ. ನೀಲಿ ಚಿಕ್ಕವಳಿದ್ದಾಗ ಅಕ್ಕ ಒಮ್ಮೆ, "ಇವಳಿಗೆ ಮರಿಯಾಗದ ಹಾಗೆ ಆಪರೇಷನ್ ಮಾಡಿಸೋಣ್ವಾ?" ಎಂದಿದ್ದಳು. ಆಗ ಅತ್ತೆ ಮೂಗು ಮುರಿದು, "ಒಂದು ಸಲನಾದ್ರೂ ತಾಯಿ ಆಗಲಿ, ಆಮೇಲೆ ನೋಡೋಣ" ಎಂದಿದ್ದರು. ಆ ಆಮೇಲೆ ಬರಲೇ ಇಲ್ಲ. ಬೆದೆಗೆ ಬಂದಾಗಲೆಲ್ಲ ಬಾಗಿಲು ಹಾಕುವುದು. ಒಂದೆರಡು ಸಲ ಗಂಡ ಯಾರನ್ನೋ ಹಿಡಿದು ಬೆದೆ ನಿಲ್ಲಿಸುವ ಇಂಜೆಕ್ಷನ್ ಕೊಡಿಸಿದ್ದೂ ಉಂಟು. ಈಗ ಕೊನೆಗೂ ತಾಯಿಯಾಗುತ್ತಾಳೆ ಎಂದು ಅತ್ತೆಗೆ ಹಿಗ್ಗು.

ತನ್ನ ಪಾಲಿನ ಮರಿ ನೋಡಲು ದರ್ಜಿ ಟೇಪಿನ ಸಮೇತ ಬಂದ. ನೀಲಿಯ ಹೊಟ್ಟೆಗೆ ಟೇಪು ಸುತ್ತಿದ. ಅದು ಕುಂಯ್‌ ಎಂದು ಹಿಂದೆ ಸರಿಯಿತು.

"ಏನೋ ಅನುಮಾನ ಅಕ್ಕ. ಇದು ಗ್ಯಾಸು. ನಮ್ಮ ಮಾವನಿಗೂ ಥೇಟ್ ಹೀಗೇ ಉಬ್ಬುತ್ತೆ."

"ನಿಮ್ಮ ಮಾವ ನೀರು ಜಾಸ್ತಿ ಕುಡೀತಾರಾ?"

"ಅವರು ನೀರೊಂದು ಬಿಟ್ಟು ಎಲ್ಲಾ ಕುಡೀತಾರೆ."

ನಗು ಬಂತು, ಉತ್ತರ ಬರಲಿಲ್ಲ. ಒಬ್ಬರು ಬಸಿರು ಎನ್ನುತ್ತಾರೆ, ಒಬ್ಬರು ಗ್ಯಾಸು ಎನ್ನುತ್ತಾರೆ, ಔಷಧಿ ಅಂಗಡಿಯವನು ವಯಸ್ಸಾಯಿತು ಎನ್ನುತ್ತಾನೆ. ಮೂವರ ಮಾತೂ ಕೇಳುವಾಗ ನಿಜವೆನಿಸುತ್ತಿತ್ತು. ಬಸಿರಾದ ನಾಯಿಗೆ ಹೀಗೆ ಕಲೆಯಾಗುತ್ತದೆಯೇ ಎಂದು ಅಕ್ಕ ಕೇಳಿದರೆ ಗಂಡ ಮರಿಗಳನ್ನು ಮತ್ತೆ ಹಂಚತೊಡಗುತ್ತಿದ್ದ. ಅವಳು ಹಾಸು ತೊಳೆಯುತ್ತಲೇ ಇದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ನೋಡಿದರೆ, ಹಾಸು ಬೆಳ್ಳಗಿತ್ತು. ಒಂದು ಚುಕ್ಕೆಯೂ ಇಲ್ಲ. ಮರುದಿನವೂ ಇಲ್ಲ.

"ನೋಡಿದ್ಯಾ, ತಾನೇ ವಾಸಿಯಾಯ್ತು. ಸುಮ್ಮನೆ ಹೆದರಿಸ್ತೀಯ ನೀನು," ಎಂದ ಗಂಡ.

ಅಕ್ಕನಿಗೆ ನೆಮ್ಮದಿಯಾಗಬೇಕಿತ್ತು. ಆದರೆ ಆ ಎರಡನೆಯ ಬೆಳಿಗ್ಗೆಯೇ ನೀಲಿ ಹಳದಿ ನೊರೆ ಕಾರಿಕೊಂಡಿತು. ಅಕ್ಕ ತೊಟ್ಟಿಯ ಕಡೆ ಹೋದರೂ ಎದ್ದು ಹಿಂದೆ ಬರಲಿಲ್ಲ, ಬರೀ ಕಣ್ಣು ಹೊರಳಿಸಿತು. ಹಾಸು ಶುಭ್ರ, ನಾಯಿ ಸುಸ್ತು. ಇದು ವಾಸಿಯೋ, ಹೆಚ್ಚಾದದ್ದೋ? ಸಂತೋಷಪಡಬೇಕೋ ಅಳಬೇಕೋ ತಿಳಿಯದೆ ಅವಳು ಇಸ್ತ್ರಿ ಮೇಜಿನ ಪಕ್ಕ ಕಣ್ಣು ಕಣ್ಣು ಬಿಡುತ್ತ ನಿಂತಳು.

ಆಗ ಕಟ್ಟೆಯ ಮೇಲೆ ಹಸಿರು ಬಟ್ಟೆಗಳ ಗಂಟು ಬಂದು ಬಿತ್ತು. ತಂದವರು ಪ್ರಾಣಿ ಡಾಕ್ಟರಮ್ಮ. ಬೀದಿಯ ಕೊನೆಯಲ್ಲಿ ಅವರ ಆಸ್ಪತ್ರೆ. ಆಪರೇಷನ್ ಕೋಣೆಯ ನಿಲುವಂಗಿಗಳೆಲ್ಲ ಈ ಲಾಂಡ್ರಿಗೇ ಬರುವುದು. ಅಕ್ಕ ಅಭ್ಯಾಸಬಲದಿಂದ ಗಂಟು ಬಿಚ್ಚಿ ಒಂದೊಂದೇ ಕೊಡವಿದಳು. ಒಂದು ಅಂಗಿಯ ತೋಳು ಅವಳ ಕೈಯಲ್ಲೇ ನಿಂತಿತು. ನಡುವೆ ಹಳದಿ, ಅಂಚಿನಲ್ಲಿ ಕಂದು. ಅದೇ ಜಿಗುಟು, ಅದೇ ವಾಸನೆ.

"ಡಾಕ್ಟರಮ್ಮ, ಇದು ಯಾವ ಕಲೆ?"

"ಅಯ್ಯೋ, ಅದು ಹೇಗೆ ಬಂತು ಇದರಲ್ಲಿ! ಔಷಧಿ ನೀರಲ್ಲಿ ನೆನೆಸಿ ತರಬೇಕಿತ್ತು, ಅವಸರದಲ್ಲಿ ಸೇರಿಬಿಟ್ಟಿದೆ. ಕೈ ತೊಳ್ಕೊಳ್ಳಿ ಅಕ್ಕ. ಅದು ಕೀವು. ನಿನ್ನೆ ಒಂದು ಹೆಣ್ಣು ನಾಯಿಗೆ ಆಪರೇಷನ್ ಇತ್ತು. ಗರ್ಭಕೋಶದ ತುಂಬ ಕೀವು ತುಂಬಿತ್ತು, ಪಾಪ."

ಅಕ್ಕ ತೋಳನ್ನು ಕೈಬಿಟ್ಟಳು. ಆದರೂ ಬಾಯಿಗೆ ಬಂದದ್ದು ಸಮಾಧಾನದ ಮಾತೇ. "ನಮ್ಮ ನೀಲಿ ಹಾಸಿನ ಮೇಲೂ ಇದೇ ಕಲೆ ಇತ್ತು ಡಾಕ್ಟರಮ್ಮ. ದಿನಾ ತೊಳೀತಿದ್ದೆ. ಸದ್ಯ, ನಿನ್ನೆಯಿಂದ ನಿಂತುಹೋಗಿದೆ. ನೋಡಿ, ಹಾಸು ಎಷ್ಟು ಬೆಳ್ಳಗಿದೆ!"

ಒಳ್ಳೆಯ ಸುದ್ದಿ ಹೇಳಿದರೆ ಯಾರಾದರೂ ನಗುತ್ತಾರೆ. ಡಾಕ್ಟರಮ್ಮನ ಮುಖ ಬಿಳಿಚಿಕೊಂಡಿತು. ಅವರು ಕೈಚೀಲವನ್ನು ಕಟ್ಟೆಯ ಮೇಲೆ ಬಿಟ್ಟು, ಕೇಳದೆಯೇ ಒಳಗೆ ಬಂದು ನೀಲಿಯ ಪಕ್ಕ ಮಂಡಿಯೂರಿದರು. ಒಸಡು ನೋಡಿದರು, ಹೊಟ್ಟೆಯನ್ನು ಮೆಲ್ಲಗೆ ಮುಟ್ಟಿದರು.

"ಬೆದೆಗೆ ಬಂದು ಎಷ್ಟು ದಿನ ಆಯ್ತು?"

"ಒಂದು ತಿಂಗಳ ಮೇಲಾಯ್ತು."

"ನೀರು ಜಾಸ್ತಿ ಕುಡೀತಿದ್ಳಾ?"

"ಕುಡೀತಿದ್ಳು. ಆದರೆ ಇಲ್ಲಿ ಸೆಕೆ ಅಲ್ವಾ, ಎಲ್ಲರೂ…"

"ಮೂತ್ರ?"

"ಇಲ್ಲಿ ನೆಲ ಯಾವಾಗಲೂ ಒದ್ದೆ. ಹೇಗೆ ಹೇಳೋದು?"

"ವಾಂತಿ?"

"ಇವತ್ತು."

"ಅಕ್ಕ, ಕಲೆ ನಿಂತದ್ದು ವಾಸಿಯಾಗಿ ಅಲ್ಲ. ಇಷ್ಟು ದಿನ ಗರ್ಭಕೋಶದ ಬಾಯಿ ತೆರೆದಿತ್ತು, ಕೀವು ಸ್ವಲ್ಪವಾದ್ರೂ ಹೊರಗೆ ಬರ್ತಿತ್ತು. ಈಗ ಬಾಯಿ ಮುಚ್ಚಿದೆ ಅನ್ನಿಸ್ತಿದೆ. ಹಾಗಾದ್ರೆ ಎಲ್ಲಾ ಒಳಗೇ ತುಂಬುತ್ತೆ. ವಿಷ ರಕ್ತಕ್ಕೆ ಸೇರುತ್ತೆ, ಗರ್ಭಚೀಲ ಒಡೆದರೂ ಒಡೆದೀತು."

ಅಕ್ಕ ಬಿಳಿ ಹಾಸನ್ನು ಮತ್ತೊಮ್ಮೆ ನೋಡಿದಳು. ಕೊಳೆ ಇದ್ದದ್ದೇ ಮೇಲಾಗಿತ್ತೇ? ಬಿಳುಪು ಬಂದದ್ದು ಕೇಡೇ? ಜೀವಮಾನವಿಡೀ ಬಟ್ಟೆ ಬೆಳ್ಳಗಾದರೆ ಗೆದ್ದೆ ಎಂದುಕೊಂಡವಳಿಗೆ ಇದು ತಲೆಗೆ ಹೋಗಲು ಹೊತ್ತು ಹಿಡಿಯಿತು.

ಗಂಡ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟ. "ಅಲ್ಲ ಡಾಕ್ಟರಮ್ಮ, ಇವಳು ಬಸಿರು. ಒಳಗೆ ಮರಿ ಇದ್ದಾವೆ. ಕೊಯ್ದುಬಿಟ್ಟರೆ?"

"ಇದ್ದರೆ ಸ್ಕ್ಯಾನಿನಲ್ಲಿ ಕಾಣುತ್ತೆ, ಕೊಯ್ಯೋಕೆ ಮುಂಚೆ ನಿಮಗೇ ತೋರಿಸ್ತೀನಿ."

"ನಾಳೆ ಕರ್ಕೊಂಡು ಬರ್ತೀವಿ. ಇವತ್ತು ಹೋಟೆಲಿನವರ ಬಟ್ಟೆ ಕೊಡಬೇಕು."

"ನಾಳೆ ಬೇಡ."

"ಮಾತ್ರೆ ಏನಾದ್ರೂ…"

"ಈಗ ಹೊರಡಿ," ಎಂದರು ಡಾಕ್ಟರಮ್ಮ. ಅವರ ದನಿ ಏರಲಿಲ್ಲ. ಗಿರಾಕಿಯ ಬಟ್ಟೆಯ ಮೇಲೆ ನೊಣ ಕೂತರೂ ಕೂಗಾಡುವ ಗಂಡ, ಹೋಟೆಲಿಗೆ ಹೋಗಬೇಕಾದ ಅಟ್ಟಿಯಿಂದ ಆಗತಾನೆ ಇಸ್ತ್ರಿಯಾದ ಹಾಸುಬಟ್ಟೆಯೊಂದನ್ನು ಎಳೆದು ನೀಲಿಗೆ ಸುತ್ತಿದ. ಬಟ್ಟೆ ತಲುಪಿಸುವ ತಳ್ಳುಗಾಡಿಯಲ್ಲಿ ಮಲಗಿಸಿ ಡಾಕ್ಟರಮ್ಮನ ಹಿಂದೆ ಮೂವರೂ ಆಸ್ಪತ್ರೆಗೆ ಓಡಿದರು. ಅತ್ತೆಯ ರವಿಕೆಗೆ ಚುಚ್ಚಿದ್ದ ಸೂಜಿ ದಾರ ಹಾಗೇ ಜೋತಾಡುತ್ತಿತ್ತು.

ಸ್ಕ್ಯಾನಿನಲ್ಲಿ ಮರಿ ಇರಲಿಲ್ಲ. ಮಿಡಿಯುವ ಚುಕ್ಕೆ ಒಂದೂ ಕಾಣಲಿಲ್ಲ. ಗರ್ಭಕೋಶದ ಕಪ್ಪು ನಳಿಗೆಗಳು ಮಾತ್ರ ಉಬ್ಬಿ ಒಂದರ ಮೇಲೊಂದು ಬಿದ್ದಿದ್ದವು. ಗಂಡ ಮತ್ತೆ ಮತ್ತೆ, "ಈ ಕಡೆ ನೋಡಿ, ಇಲ್ಲೇನೋ ಇದೆ" ಎನ್ನುತ್ತಿದ್ದ. ಏನೂ ಇರಲಿಲ್ಲ.

ರಕ್ತನಾಳಕ್ಕೆ ಸಲೈನ್ ಹತ್ತಿಸಿ ನೀಲಿಯನ್ನು ತಯಾರು ಮಾಡುತ್ತಿರುವಾಗ ಅತ್ತೆ ಡಾಕ್ಟರಮ್ಮನ ಹತ್ತಿರ ಸರಿದರು. "ಒಂದು ಸಲ ಮರಿ ಹಾಕಿದ್ದಿದ್ರೆ ಇದು ಬರ್ತಿರಲಿಲ್ಲ, ಅಲ್ವಾ ತಾಯಿ?"

"ಮರಿ ಹಾಕಿದ ನಾಯಿಗಳಿಗೂ ಬರುತ್ತೆ ಅಮ್ಮ. ಅದು ಕಾಪಾಡಲ್ಲ."

"ಮತ್ತೆ ಎಲ್ಲರೂ ಹಾಗೇ ಹೇಳ್ತಾರಲ್ಲ?"

"ಹೇಳ್ತಾರೆ. ಆದರೆ ನೋಡಿ, ಪ್ರತಿ ಸಲ ಬೆದೆ ಮುಗಿದ ಮೇಲೆ, ಮರಿ ಬರಲಿ ಬರದಿರಲಿ, ಗರ್ಭಕೋಶ ಮರಿಗೆ ಅಂತ ತಯಾರಾಗುತ್ತೆ. ಒಳಗಿನ ಪದರ ದಪ್ಪ ಆಗುತ್ತೆ. ಬೆದೆಯಲ್ಲಿ ಬಾಯಿ ತೆರೆದಾಗ ಒಳಗೆ ಹೋದ ರೋಗಾಣು ಅಲ್ಲೇ ಬೆಳೆಯುತ್ತೆ. ವಯಸ್ಸಾದ ಹಾಗೆ, ಬೆದೆ ಮೇಲೆ ಬೆದೆ ಕಳೆದ ಹಾಗೆ ಅಪಾಯ ಜಾಸ್ತಿ."

"ನೆನೆಹಾಕಿ ಮರೆತ ಬಟ್ಟೆ ನಾರುತ್ತಲ್ಲ, ಹಾಗೆ," ಎಂದಳು ಅಕ್ಕ.

"ಹಾಗೇ ಅಂದ್ಕೊಳ್ಳಿ. ಬೆದೆ ನಿಲ್ಲಿಸೋ ಇಂಜೆಕ್ಷನ್ ಏನಾದ್ರೂ ಕೊಡಿಸಿದ್ರಾ?"

ಗಂಡ ನೆಲ ನೋಡಿದ. "ಒಂದೆರಡು ಸಲ. ಒಳ್ಳೇದು ಅಂದ್ರು."

"ಅದರಿಂದಲೂ ಈ ರೋಗದ ಅಪಾಯ ಹೆಚ್ಚುತ್ತೆ. ಚಿಕ್ಕವಳಿದ್ದಾಗಲೇ ಆಪರೇಷನ್ ಮಾಡಿ ಗರ್ಭಕೋಶ, ಅಂಡಾಶಯ ತೆಗೆದಿದ್ರೆ ಕೀವು ತುಂಬೋಕೆ ಚೀಲವೇ ಇರ್ತಿರಲಿಲ್ಲ. ಈಗಲೂ ಅದನ್ನೇ ತೆಗೀಬೇಕು. ಆದರೆ ಆರೋಗ್ಯವಾಗಿದ್ದಾಗ ಮಾಡೋದಕ್ಕೂ, ಹೀಗೆ ವಿಷ ಏರಿದಾಗ ಮಾಡೋದಕ್ಕೂ ಅಜಗಜಾಂತರ. ಏನಾಗುತ್ತೋ ಈಗಲೇ ಹೇಳಲಾರೆ." ಬಾಗಿಲಲ್ಲಿ ನಿಂತು ಅವರು ಮತ್ತೊಂದು ಮಾತು ಸೇರಿಸಿದರು: "ವಾರವಾರ ಬಟ್ಟೆ ಕೊಡೋಕೆ ಬರ್ತಿದ್ದೆ. ಇವಳು ಅಲ್ಲೇ ಮಲಗಿರ್ತಿದ್ಳು. ಆಪರೇಷನ್ ಆಗಿದೆಯಾ ಅಂತ ನಾನೂ ಒಂದು ಸಲ ಕೇಳಲಿಲ್ಲ ಅಕ್ಕ."

ಬಾಗಿಲು ಮುಚ್ಚಿತು.

ಮೂವರೂ ಬೆಂಚಿನ ಮೇಲೆ ಕೂತರು. ಅಕ್ಕನ ಮನಸ್ಸು ಒಂದು ಕಡೆ ನಿಲ್ಲುತ್ತಿರಲಿಲ್ಲ. ಮೊದಲ ದಿನವೇ ಬಂದಿದ್ದರೆ? ಆದರೆ ಆಗ ಯಾವ ರೋಗವೆಂದು ಬರಬೇಕಿತ್ತು? ಬಸಿರಿಗೆ ಆಸ್ಪತ್ರೆ ಯಾಕೆ ಎಂದು ಎಲ್ಲರೂ ನಗುತ್ತಿರಲಿಲ್ಲವೇ? ನಕ್ಕರೆ ನಗಲಿ ಎಂದು ಬರಬಹುದಿತ್ತಲ್ಲ? ತನ್ನ ಕೈಯಾರೆ ಗುರುತನ್ನೆಲ್ಲ ತೊಳೆದು ಹಾಕಿದೆನಲ್ಲ ಎಂದು ಅವಳು ತನ್ನ ಕೈಗಳನ್ನೇ ನೋಡಿಕೊಂಡಳು. ಅತ್ತೆ ಸೊಸೆಯ ಕೈ ಹಿಡಿದುಕೊಂಡರು. ಆ ಮನೆಯಲ್ಲಿ ಅದು ದಿನಾ ನಡೆಯುವ ಸಂಗತಿಯಲ್ಲ.

ಆಪರೇಷನ್ ಮುಗಿಸಿ ಬಾಗಿಲು ತೆರೆದು ಡಾಕ್ಟರಮ್ಮ ಗಂಡನನ್ನು ಮಾತ್ರ ಕರೆದರು. "ತೆಗೆದದ್ದನ್ನ ನೋಡ್ತೀನಿ ಅಂದರೆ ಬನ್ನಿ. ನೋಡಲೇಬೇಕು ಅಂತೇನಿಲ್ಲ."

ಅವನು ಹೋದ. ಅಕ್ಕನೂ ಹಿಂದೆಯೇ ಹೋದಳು. ಸ್ಟೀಲಿನ ಟ್ರೇಯಲ್ಲಿ, ನೆನೆದ ಬಟ್ಟೆಯನ್ನು ತಿರುಚಿ ಇಟ್ಟ ಹಾಗೆ, ಉಬ್ಬಿದ ಎರಡು ನಳಿಗೆಗಳು. ಆರೋಗ್ಯವಾಗಿದ್ದರೆ ಇದು ಪೈಜಾಮದ ಲಾಡಿಯಷ್ಟು ತೆಳ್ಳಗಿರುತ್ತದೆ ಎಂದರು ಡಾಕ್ಟರಮ್ಮ. ಗಂಡ ಟ್ರೇಯನ್ನು ನೋಡುತ್ತ ನಿಂತ.

"ದರ್ಜಿಗೆ ಒಂದು, ಮೇಷ್ಟ್ರಿಗೆ ಒಂದು ಅಂತ ನಾನು ಹಂಚಿದ್ದು ಇದನ್ನೇ."

ಹಾಗೆಂದವನೇ ಅಲ್ಲೇ ಗೋಡೆಗೆ ಒರಗಿ ಕುಸಿದು ಕೂತ. ಅಕ್ಕ ಅವನು ಅಳುವುದನ್ನು ಮದುವೆಯಾದಾಗಿನಿಂದ ನೋಡಿರಲಿಲ್ಲ.

ನೀಲಿ ಉಳಿಯಿತು. ಆದರೆ ಹೂವೆತ್ತಿದಷ್ಟು ಸುಲಭವಾಗಿ ಅಲ್ಲ. ಆಸ್ಪತ್ರೆಯಲ್ಲೇ ಇಟ್ಟುಕೊಂಡು ಸಲೈನ್, ಔಷಧಿ ಕೊಟ್ಟರು. ಒಮ್ಮೆ ಚೇತರಿಸಿಕೊಂಡಂತೆ ಕಂಡರೆ ಮತ್ತೊಮ್ಮೆ ತಲೆ ಎತ್ತುತ್ತಿರಲಿಲ್ಲ. ಅಕ್ಕ ಜೀವ ಕೈಯಲ್ಲಿ ಹಿಡಿದು ಹೋಗುತ್ತಿದ್ದಳು, ಬರುತ್ತಿದ್ದಳು. ಲಾಂಡ್ರಿಯಲ್ಲಿ ಬಟ್ಟೆಗಳು ಅದಲುಬದಲಾದವು; ಸಂಗೀತದ ಮೇಷ್ಟ್ರ ಕೋಟು ಔಷಧಿ ಅಂಗಡಿಯವನ ಮನೆ ಸೇರಿತು. ಕೊನೆಗೊಂದು ಮಧ್ಯಾಹ್ನ ಅಕ್ಕ ಆಸ್ಪತ್ರೆಯಿಂದ ಹೊರಡಲೆಂದು ಎದ್ದಾಗ, ನೀಲಿಯೂ ನಡುಗುವ ಕಾಲಿನಲ್ಲಿ ಎದ್ದು ಅವಳ ಹಿಂದೆ ಹೆಜ್ಜೆ ಹಾಕಿತು. ಅಕ್ಕ ಅಲ್ಲೇ ಕೂತು ಅದನ್ನು ತಬ್ಬಿಕೊಂಡು ಜೋರಾಗಿ ಅತ್ತುಬಿಟ್ಟಳು.

ಈಗ ಗಂಡನಿಗೆ ಹೊಸ ಚಟ ಹತ್ತಿದೆ. ಪ್ಯಾಂಟು ಕೇಳಿಕೊಂಡು ಬಂದವರಿಗೆ ಪ್ಯಾಂಟು ಕೊಡುವುದಿಲ್ಲ. ಮೊದಲು, "ನಿಮ್ಮನೇಲಿ ಹೆಣ್ಣು ನಾಯಿ ಇದೆಯಾ? ಆಪರೇಷನ್ ಆಗಿದೆಯಾ?" ಎಂದು ಕೇಳುತ್ತಾನೆ. ಜನ ತಬ್ಬಿಬ್ಬಾಗುತ್ತಾರೆ.

"ನನ್ನ ಮರಿ ಏನಾಯ್ತು?" ಎಂದು ಬಂದ ದರ್ಜಿಯನ್ನೂ ಅವನು ಬಿಡಲಿಲ್ಲ.

"ಮರಿ ಇಲ್ಲ. ನಿನ್ನ ತಂಗಿ ಮನೇಲಿ ಒಂದು ಹೆಣ್ಣು ನಾಯಿ ಇದೆಯಲ್ಲ, ಅದರ ಕಥೆ ಏನು?"

"ಅದು ಚೆನ್ನಾಗೇ ಇದೆಯಲ್ಲ. ಚೆನ್ನಾಗಿರೋದನ್ನ ಯಾಕೆ ಕೊಯ್ಸಬೇಕು?"

"ಚೆನ್ನಾಗಿರುವಾಗಲೇ ಕೊಯ್ಸಬೇಕು," ಎಂದರು ಅತ್ತೆ, ಗುಂಡಿಯಿಂದ ಕಣ್ಣೆತ್ತದೆ. "ಒಂದು ಸಲ ತಾಯಿ ಆಗಲಿ ಅಂತ ಮಾತ್ರ ಹೇಳಬೇಡ. ಹೇಳಿದವಳು ನಾನೇ, ನೋಡಿದವಳೂ ನಾನೇ."

ದರ್ಜಿ ಇಂಗು ತಿಂದ ಮಂಗನ ಹಾಗೆ ನಿಂತ. ಆಮೇಲೆ ತಂಗಿಗೆ ಫೋನು ಮಾಡಿದ. ಆ ನಾಯಿಗೆ ಆಪರೇಷನ್ ಆಯಿತು. ಅದು ಅದೇ ದಿನ ಮನೆಗೆ ಬಂತು.

ಲಾಂಡ್ರಿಯ ಗಿರಾಕಿಗಳಿಗೆ ಕೇಳುವ ಪ್ರಶ್ನೆಯನ್ನೇ ಈಗ ನಿಮಗೂ ಕೇಳುತ್ತಿದ್ದೇವೆ. ನಿಮ್ಮ ಮನೆಯಲ್ಲಿ ಹೆಣ್ಣು ನಾಯಿ ಇದೆಯೇ? ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆಯೇ? ಆಗಿಲ್ಲವಾದರೆ, ಅದು ಓಡಾಡಿಕೊಂಡು ಚೆನ್ನಾಗಿರುವಾಗಲೇ ಹತ್ತಿರದ ಪಶುವೈದ್ಯರ ಹತ್ತಿರ ಹೋಗಿ, ಯಾವಾಗ ಮಾಡಿಸಬಹುದು ಎಂದು ಕೇಳಿ. ಒಂದು ಸಲ ಮರಿ ಹಾಕಲಿ ಎಂದು ಕಾಯಬೇಡಿ. ವೈದ್ಯರನ್ನು ಕೇಳದೆ ಬೆದೆ ನಿಲ್ಲಿಸುವ ಇಂಜೆಕ್ಷನ್ ಕೊಡಿಸಬೇಡಿ. ಬೆದೆ ಕಳೆದ ಒಂದೆರಡು ತಿಂಗಳಲ್ಲಿ ನಿಮ್ಮ ನಾಯಿ ವಿಪರೀತ ನೀರು ಕುಡಿದರೆ, ಊಟ ಬಿಟ್ಟರೆ, ವಾಂತಿ ಮಾಡಿದರೆ, ಮಂಕಾದರೆ, ಹೊಟ್ಟೆ ಉಬ್ಬಿದರೆ ತಡಮಾಡಬೇಡಿ. ಕೀವಿನ ಕಲೆ ಕಾಣಬಹುದು, ಕಾಣದೆಯೂ ಇರಬಹುದು. ಎಷ್ಟೋ ನಾಯಿಗಳು ತಾವೇ ನೆಕ್ಕಿ ಶುಚಿ ಮಾಡಿಕೊಂಡುಬಿಡುತ್ತವೆ. ಕಂಡ ಕಲೆ ತಾನಾಗಿ ನಿಂತರೆ ಇನ್ನೂ ಬೇಗ ಓಡಿ.

ಬಸಿರೋ, ಗ್ಯಾಸೋ, ವಯಸ್ಸೋ ಎಂದು ನಿಮಗೂ ಗೊಂದಲವಾಗಬಹುದು. ಆಗಲಿ. ಗೊತ್ತಾಗುವವರೆಗೆ ಮನೆಯಲ್ಲಿ ಕಾಯಬೇಡಿ, ಗೊತ್ತಿಲ್ಲದೆಯೇ ಹೊರಡಿ.